ಮಗ್ಗದ ಓಣಿಯ ಅಧ್ಯಾಯ

ಪ್ರಸಂಗ ಮುಗಿದು, ಕಾಣಿಕೆಯ ಚೀಲ ತಿರುಗಿ ಬಂದ ಮೇಲೆ ತಿಮೊಥಿ ಅಯ್ಯನವರು ಕನ್ನಡಕವನ್ನು ಹಣೆಗೇರಿಸಿ "ಈ ವಾರದ ಓದು" ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ಅರ್ಧ ಸಭೆಗೆ ಮನೆಯಲ್ಲಿ ಒಲೆಯ ಮೇಲಿಟ್ಟು ಬಂದ ಸಾರಿನ ನೆನಪಾಗಿರುತ್ತಿತ್ತು. ಆದರೂ ಯಾರೂ ಏಳುತ್ತಿರಲಿಲ್ಲ. ಹುಬ್ಬಳ್ಳಿಯ ಆ ಸಭೆಗೆ ಅವರು ಪಾದ್ರಿಯಾಗಿ ಬಂದಂದಿನಿಂದ ಹಾಕಿಕೊಟ್ಟ ಪದ್ಧತಿ ಅದು. ಪೀಠದ ಮೇಲಿಂದ ಒಂದು ಪುಸ್ತಕದ ಹೆಸರು ಹೇಳಬೇಕು, ಅದು ವಾರವೆಲ್ಲ ಮನೆಯಿಂದ ಮನೆಗೆ ತಿರುಗಬೇಕು, ಅಕ್ಷರ ಬಾರದವರಿಗೆ ಅದನ್ನು ಒಯ್ದು ಓದಿ ಹೇಳಬೇಕು.

ಓದಿ ಹೇಳುವ ಕೆಲಸ ಅವರ ಹಿರಿಯ ಮಗಳು ಲುದಿಯಾಳದು. ತಾಯಿ ಸಾರವ್ವನಿಗೆ ದಮ್ಮು ಹತ್ತಿಕೊಂಡ ವರ್ಷ ಏಳನೆಯ ಇಯತ್ತೆಗೇ ಸಾಲೆ ಬಿಟ್ಟು ಒಲೆಯ ಮುಂದೆ ಕೂತವಳು ಅವಳು. ಈಗ ಹತ್ತೊಂಬತ್ತು. ಎದುರಿಗೆ ಯಾರಾದರೂ ಬಂದರೆ ಸೆರಗಿನ ತುದಿ ಹುಡುಕುವಷ್ಟು ನಾಚಿಕೆ. ಆದರೆ ಗುರುವಾರ ಮಧ್ಯಾಹ್ನ ಹಳೇ ಹುಬ್ಬಳ್ಳಿಯ ಮಗ್ಗದ ಓಣಿಯಲ್ಲಿ, ಸಂಗವ್ವನ ಪಡಸಾಲೆಯಲ್ಲಿ, ಪುಸ್ತಕವನ್ನು ಮುಖದ ಮುಂದೆ ಹಿಡಿದು ಕೂತಳೆಂದರೆ ಅವಳ ದನಿಯೇ ಬೇರೆ. ಮಗ್ಗ ನಿಲ್ಲಿಸಿ ಬಂದ ಹೆಂಗಸರು ಸುತ್ತ ಕೂತು ಕೇಳುತ್ತಿದ್ದರು, ನಡುವೆ ಬಾಯಿ ಹಾಕುತ್ತಿದ್ದರು, ಬೈಯುತ್ತಿದ್ದರು, ಅಳುತ್ತಿದ್ದರು. ವಾರದ ಉಳಿದ ದಿನಗಳನ್ನೆಲ್ಲ ಲುದಿಯಾ ಆ ಒಂದು ಮಧ್ಯಾಹ್ನದ ಆಸರೆಯಿಂದಲೇ ನೂಕುತ್ತಿದ್ದಳು.

ಇನ್ನೊಂದು ಕೆಲಸವೂ ಅವಳದೇ. ಛಾಪಖಾನೆಯಿಂದ ಬರುವ ಹೊಸ ಪುಸ್ತಕಗಳ ಹಾಳೆಗಳು ಅಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡೇ ಇರುತ್ತಿದ್ದವು. ತಂದೆ ಓದುವುದಕ್ಕೆ ಮುಂಚೆ ಅವಳು ಕಾಯಿಪಲ್ಯದ ಚಾಕುವನ್ನು ಒರೆಸಿಕೊಂಡು ಹಾಳೆಗಳನ್ನು ಬಿಡಿಸಿಕೊಡುತ್ತಿದ್ದಳು. ಹಾಗಾಗಿ ಅಪ್ಪ ಯಾವ ಪುಸ್ತಕವನ್ನು ಎಲ್ಲಿಯತನಕ ಓದಿದ್ದಾರೆಂಬುದು ಅವರಷ್ಟೇ ಅವಳಿಗೂ ಗೊತ್ತು.

ಐವತ್ತೊಂಬತ್ತನೆಯ ಇಸವಿಯ ನವೆಂಬರಿನ ಆ ರವಿವಾರ ಅಯ್ಯನವರು ಪೀಠದ ಮೇಲೆ ಎತ್ತಿ ಹಿಡಿದದ್ದು 'ನಮ್ಮ ಸಭೆ ಬೆಳೆದ ಬಗೆ' ಎಂಬ ಪುಸ್ತಕ. ಬರೆದವರು ಯೆಶಾಯ ಮಾಸ್ತರರು. ನಿವೃತ್ತ ಹೆಡ್‌ಮಾಸ್ತರರು, ಸಭೆಯ ಹಿರಿಯರಲ್ಲಿ ಎಲ್ಲರಿಗಿಂತ ಹಿರಿಯರು. ಮುಂದಿನ ಬೆಂಚಿನಲ್ಲಿ ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು ಕೂತಿದ್ದರು.

"ಮೊದಲ ಹಾಳೆಯಿಂದ ಕಡೆಯ ಹಾಳೆಯವರೆಗೆ ಪ್ರತಿಯೊಬ್ಬರೂ ಓದಬೇಕಾದ ಪುಸ್ತಕ" ಎಂದರು ಅಯ್ಯನವರು.

ಲುದಿಯಾ ತಲೆ ತಗ್ಗಿಸಿದಳು. ಪುಸ್ತಕದ ಅರ್ಧ ಹಾಳೆಗಳು ಇನ್ನೂ ಕೂಡಿಕೊಂಡೇ ಇದ್ದವು. ಆ ವಾರ ಮನೆಯಲ್ಲಿ ಪುರುಸೊತ್ತು ಎಂಬುದೇ ಇರಲಿಲ್ಲ. ಬೈರಿದೇವರಕೊಪ್ಪದಲ್ಲಿ ತೀರಿಕೊಂಡ ಒಬ್ಬರ ಮಣ್ಣು, ಕಿರಿಯ ತಮ್ಮನಿಗೆ ಜ್ವರ, ಅವ್ವನಿಗೆ ಕೂತಲ್ಲಿ ಕೂರಲಾಗದಂಥ ಉಬ್ಬಸ. ಶುಕ್ರವಾರ ಸಂಜೆ ಅಪ್ಪ ಆರಾಮ ಕುರ್ಚಿಯಲ್ಲಿ ಮೊದಲರ್ಧ ಓದಿದ್ದರು. ಓದುತ್ತ ಓದುತ್ತ ಮುಗುಳುನಗೆ ಸೂಸಿದ್ದನ್ನು ಅವಳು ಅಡಿಗೆಮನೆಯ ಬಾಗಿಲಿನಿಂದ ನೋಡಿದ್ದಳು. ಅವರ ಅಜ್ಜನ ಹೆಸರು ಅಲ್ಲಿ ಬಂದಿತ್ತು. 'ವಾಕ್ಯದ ಹಸಿವಿನಿಂದ ಮನೆ-ಮಾರು ಬಿಟ್ಟು ಬಂದ ಧೀರ ಕುಟುಂಬ' ಎಂದು ಮಾಸ್ತರರು ಬರೆದಿದ್ದರು. ಅದನ್ನು ಅಪ್ಪ ಅವ್ವನಿಗೂ ಗಟ್ಟಿಯಾಗಿ ಓದಿ ಹೇಳಿದ್ದರು. ಅವ್ವ ಉಬ್ಬಸದ ನಡುವೆ ಏನೋ ಹೇಳಹೋಗಿ ಕೆಮ್ಮು ಬಂದು ಸುಮ್ಮನಾಗಿದ್ದಳು.

ಪ್ರಾರ್ಥನೆ ಮುಗಿದು ಜನ ಅಂಗಳಕ್ಕೆ ಬಂದಾಗ ಸಂಗವ್ವ ಅಯ್ಯನವರಿಗೆ ಅಡ್ಡಬಂದು ನಿಂತಳು.

"ಅಯ್ಯನವರ, ಅದರಾಗ ನಮ್ಮ ಓಣಿ ಸುದ್ದಿನೂ ಐತೇನ್ರಿ?"

ಅಯ್ಯನವರು ಬಾಯಿ ತೆರೆಯುವುದರೊಳಗೆ ಹಿಂದಿನಿಂದ ಯೆಶಾಯ ಮಾಸ್ತರರೇ ಹೇಳಿದರು. "ಐತಿ ಐತಿ. ಮಗ್ಗದ ಓಣಿಗೆ ಅಂತನ ಒಂದು ಅಧ್ಯಾಯ ಬರದೇನಿ. ನಿಮ್ಮತ್ತಿ ಗುಡ್ಡವ್ವನ ಹೆಸರೂ ಐತಿ."

"ಯವ್ವಾ! ನಮ್ಮತ್ತಿ ಹೆಸರು ಪುಸ್ತಕದಾಗ!" ಸಂಗವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಲುದಿಯಾ, ಗುರುವಾರ ಬ್ಯಾರೆ ಏನೂ ಓದಬ್ಯಾಡವ್ವಾ. ಅದನ್ನ ಒಂದ ಓದು. ನಾ ಎಲ್ಲಾರನೂ ಕರದಿರತೇನಿ. ಚಹಾ ಮಾಡಸತೇನಿ, ಬರೇ ಚಹಾ ಅಲ್ಲ, ಚೂಡಾನೂ ಮಾಡಸತೇನಿ."

"ಓದತಾಳ, ಓದತಾಳ" ಎಂದರು ಅಯ್ಯನವರು ಪ್ರಸನ್ನರಾಗಿ.

ಸೋಮವಾರ ರೊಟ್ಟಿ ಬಡಿದಾದ ಮೇಲೆ ಲುದಿಯಾ ಚಾಕು ಒರೆಸಿಕೊಂಡು ಉಳಿದ ಹಾಳೆಗಳನ್ನು ಬಿಡಿಸಿದಳು. ಗುರುವಾರ ತಡವರಿಸಬಾರದೆಂದು ಆ ಅಧ್ಯಾಯವನ್ನು ಮೊದಲೇ ಓದಿಕೊಳ್ಳುವುದು ಅವಳ ಇಚ್ಛೆ. ಓದಿದಳು. ತಪ್ಪು ಓದಿದೆನೇನೋ ಎಂದು ಮತ್ತೊಮ್ಮೆ ಓದಿದಳು. ಹಂಚಿನ ಮೇಲೆ ಕಡೆಯ ರೊಟ್ಟಿ ಸೀದು ಹೊಗೆಯೆದ್ದಿದ್ದು ಆಮೇಲೆ ತಿಳಿಯಿತು.

'ಮಗ್ಗದ ಓಣಿಯವರು ವಾಕ್ಯಕ್ಕಾಗಿ ಬಂದವರಲ್ಲ, ಗಂಜಿಗಾಗಿ ಬಂದವರು. ಅರವತ್ತು ವರ್ಷಗಳ ಹಿಂದಿನ ದೊಡ್ಡ ಬರದಲ್ಲಿ ಮಿಶನ್ನಿನ ಗಂಜಿಮನೆಯ ಮುಂದೆ ಗುಡ್ಡವ್ವನೆಂಬ ಹೆಂಗಸು ಒಂದೇ ಹೊತ್ತಿಗೆ ಎರಡು ಸಲ ಬೋಗುಣಿ ಚಾಚಿದ್ದನ್ನು ಕಂಡವರಿದ್ದಾರೆ. ಹೊಟ್ಟೆ ತುಂಬಿದ ಮೇಲೆ ಇಂಥವರಲ್ಲಿ ನಂಬಿಕೆ ಎಷ್ಟು ಉಳಿಯಿತೆಂಬುದು ಸಂಶಯದ ಮಾತು.'

ಸೋಮವಾರ ಅಯ್ಯನವರಿಗೆ ಬಿಡುವು. ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಸರಪಳಿಗೆ ಎಣ್ಣೆ ಬಿಡುತ್ತಿದ್ದರು. ಲುದಿಯಾ ಪುಸ್ತಕ ತೆರೆದು ಅವರ ಮುಂದೆ ಹಿಡಿದಳು. ಎಣ್ಣೆಗೈಯಲ್ಲಿ ಪುಸ್ತಕ ಮುಟ್ಟದೆ ಅವರು ಬಗ್ಗಿ ಓದಿದರು. ಕಿವಿಗಳು ಕೆಂಪಾದವು.

"ಇದನ್ನ ಬಿಟ್ಟು ಓದು" ಎಂದರು ಕಡೆಗೆ.

"ಅವರು ಕೇಳಾಕ ಕುಂತದ್ದ ಇದನ್ನರಿ, ಅಪ್ಪಾ."

"ಹಂಗಾದರ ನಾಕು ಸಾಲು ಹಾರಿಸು. ಗುಡ್ಡವ್ವನ ಹೆಸರು ಓದು, ಮುಂದ ಹೋಗು."

"ಹೆಸರಿನ ಮುಂದ ಏನಂತ ಓದ್ಲಿ?"

ಅಯ್ಯನವರು ಸರಪಳಿಯನ್ನು ಸುಮ್ಮನೆ ತಿರುಗಿಸಿದರು. "ಈ ಪುಸ್ತಕಾ ಓದಬ್ಯಾಡ್ರಿ ಅಂತ ಈಗ ಹೆಂಗ ಹೇಳ್ಲಿ? ಪೀಠದ ಮ್ಯಾಲೆ ನಿಂತು, ಕಡೀ ಹಾಳಿತನಕಾ ಓದ್ರಿ ಅಂತ ಹೇಳೇನಿ. ನಾನ ಓದಿದ್ದಿಲ್ಲ ಅನ್ನಲಿ? ಮಾಸ್ತರರು ಮ್ಯಾಲಿನವರಿಗೆ ಒಂದು ಮಾತು ಬರದರ ಮುಂದಿನ ತಿಂಗಳ ನಮ್ಮನ್ನ ವರ್ಗಾ ಮಾಡಿ ಎಲ್ಲೆ ಒಗೀತಾರೋ. ನಿಮ್ಮವ್ವಗ ಈ ಊರಿನ ಡಾಕ್ಟರರ ಔಷಧಾ ಒಂದ ಗುಣಾ ಹತ್ತೇದ."

ಕಿಟಕಿಯ ಒಳಗಿನಿಂದ ಸಾರವ್ವನ ದನಿ ಬಂತು. ಮಲಗಿದ್ದಾಳೆಂದುಕೊಂಡಿದ್ದರು.

"ನನ್ನ ದಮ್ಮು ಯಾಕ ನಡುವ ತರತೀರಿ? ನಿಮ್ಮ ಅಜ್ಜ ಹುಲಗಪ್ಪ ಏನು ವಾಕ್ಯ ಕುಡದು ಬದುಕಿದ್ದನೇನು? ನಿಮ್ಮವ್ವನ ನನಗ ಹೇಳ್ಯಾಳ. ಅದ ಗಂಜಿಮನಿ, ಅದ ಸಾಲು."

"ಸಾರಾ..."

"ಶುಕ್ರವಾರನ ಹೇಳಾಕ ಹೋದೆ. ಕೆಮ್ಮು ಬಂತು. ನೀವು ಖುಷಿಲೆ ಓದಾಕತ್ತಿದ್ರಿ, ಇರ್ಲಿ ಅಂತ ಬಿಟ್ಟೆ. ತಪ್ಪಾತು."

ಅಯ್ಯನವರು ಎಣ್ಣೆಯ ಡಬ್ಬಿ ಕೆಳಗಿಟ್ಟರು. ಆಮೇಲೆ ಎದ್ದು ಕೈ ತೊಳೆದುಕೊಂಡು, ಮಾಸ್ತರರ ಮನೆಗೆ ಹೋಗಿ ಬರುತ್ತೇನೆಂದು ಹೊರಟರು.

ಹೋದವರು ಮುಖ ಇಳಿಸಿಕೊಂಡು ಬಂದರು. ಮಾಸ್ತರರು ಚಹಾ ಕೊಟ್ಟರಂತೆ. ಇತಿಹಾಸವೆಂದರೆ ಇತಿಹಾಸ, ಅದರಲ್ಲಿ ಸಿಟ್ಟಿಗೇಳುವುದೇನಿದೆ ಎಂದರಂತೆ. "ಹಂಗಾದರ ನಮ್ಮ ಅಜ್ಜನ ಗಂಜೀನೂ ಬರೀರಿ" ಎಂದು ಅಯ್ಯನವರು ಹೇಳಿದ್ದಕ್ಕೆ ಮಾಸ್ತರರು ನಕ್ಕು, "ಪಾದ್ರಿಗಳ ಮನೆತನಕ್ಕೆ ಒಂದು ಘನತಿ ಇರಬೇಕಾಗ್ತದರಿ" ಎಂದರಂತೆ. ಬರುವಾಗ ಬಾಗಿಲಲ್ಲಿ ನಿಂತು, ಪುಸ್ತಕದ ವಿಚಾರದಲ್ಲಿ ಏನಾದರೂ ಗದ್ದಲವಾದರೆ ತಾನು ಸುಮ್ಮನೆ ಕೂಡುವವನಲ್ಲ ಎಂಬುದನ್ನೂ ಸೌಮ್ಯವಾಗಿಯೇ ತಿಳಿಸಿದರಂತೆ.

ಮಂಗಳವಾರ, ಬುಧವಾರ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಸಂಜೆಯ ಮನೆಪ್ರಾರ್ಥನೆಯಲ್ಲಿ ಅಯ್ಯನವರು ಎಲ್ಲರಿಗಾಗಿ ಬೇಡಿಕೊಂಡರು. ಜ್ವರ ಬಿಟ್ಟ ಮಗನಿಗಾಗಿ, ರೈಲ್ವೆ ಕಾರ್ಖಾನೆಯಲ್ಲಿ ಕೈ ಜಜ್ಜಿಕೊಂಡ ದ್ಯಾಮಣ್ಣನಿಗಾಗಿ, ಮಳೆ-ಬೆಳೆಗಾಗಿ. ಮಗ್ಗದ ಓಣಿಯ ಹೆಸರು ಬಂದಾಗ ಅವರ ನಾಲಿಗೆ ತಡೆಯಿತು. ಲುದಿಯಾ ಕಣ್ಣು ಮುಚ್ಚಿದ್ದಂತೆಯೇ ಕೇಳಿಸಿಕೊಂಡಳು.

ಅವಳು ತನ್ನೊಳಗೇ ಲೆಕ್ಕ ಹಾಕಿ ನೋಡಿದಳು. ಹೊಟ್ಟೆನೋವೆಂದು ಗುರುವಾರ ಹೋಗದೇ ಇರಬಹುದು. ಆದರೆ ಪುಸ್ತಕ ಊರೆಲ್ಲ ತಿರುಗುತ್ತದೆ. ಇಂದಲ್ಲ ನಾಳೆ ಮುಂದಿನ ಬೆಂಚಿನ ಯಾರದೋ ಮಗಳು ನೀರಿನ ನಳದ ಹತ್ತಿರ ಸಂಗವ್ವನ ಮುಖದ ಮೇಲೆ ಅದನ್ನು ಆಡಿ ತೋರಿಸುತ್ತಾಳೆ. ಆಗ ಸಂಗವ್ವ ಕೇಳುತ್ತಾಳೆ, ಲುದಿಯಾಳಿಗೆ ಇದು ಗೊತ್ತಿತ್ತೇ ಎಂದು. ಸಾಲು ಹಾರಿಸಿ ಓದಿದರೆ ಅದಕ್ಕಿಂತ ಕೇಡು. ಅಕ್ಷರ ಬಾರದವರು ಓದುವವಳ ಬಾಯನ್ನು ನಂಬಿ ಕೂಡುತ್ತಾರೆ. ಆ ನಂಬಿಕೆಯನ್ನು ಒಮ್ಮೆ ಕಳೆದುಕೊಂಡರೆ ಆ ಪಡಸಾಲೆಯಲ್ಲಿ ಅವಳಿಗೆ ಮತ್ತೆ ಜಾಗವಿಲ್ಲ. ಉಳಿಯುವುದು ಒಲೆಯೊಂದೇ.

ಗುರುವಾರ ಊಟವಾದ ಮೇಲೆ ಅವಳು ಪುಸ್ತಕವನ್ನು ಸೆರಗಿನೊಳಗೆ ಇಟ್ಟುಕೊಂಡು ತಂದೆಯ ಮುಂದೆ ಬಂದು ನಿಂತಳು. ನೆಲ ನೋಡುತ್ತಲೇ ಹೇಳಿದಳು.

"ಅಪ್ಪಾ, ನಾ ಒಂದು ಸಾಲೂ ಬಿಡೂದಿಲ್ರಿ. ನೀವು ಸಂಗಾಟ ಬಂದರ ಛಲೋ. ಬರದಿದ್ದರೂ ನಾ ಓದತೇನಿ."

ಅಷ್ಟು ಉದ್ದದ ಮಾತನ್ನು ಅವಳು ಅವರ ಮುಂದೆ ಆಡಿದ್ದು ಇದೇ ಮೊದಲು. ಅಯ್ಯನವರು ಮಗಳನ್ನು ನೋಡಿದರು. ಅವರು ಗೂಟಕ್ಕೆ ತೂಗುಹಾಕಿದ್ದ ಕೋಟು ತೆಗೆದುಕೊಂಡರು.

ಸಂಗವ್ವನ ಪಡಸಾಲೆ ತುಂಬಿತ್ತು. ಪಕ್ಕದ ಮನೆಯ ಗುಲ್ಜಾರಬಿ ಕೂಡ ಬಂದು ಹೊಸ್ತಿಲ ಮೇಲೆ ಕೂತಿದ್ದಳು. "ನಮ್ಮ ಗುಡ್ಡವ್ವನ ಸುದ್ದಿ ಛಾಪಾ ಆಗೇತಂತ, ನಾ ಬಿಡ್ತೇನೇನು?" ಎಂದಳು. ಗುಡ್ಡವ್ವನಿಗೆ ಆ ದಿನ ಇಳಕಲ್ಲಿನ ಸೀರೆ ಉಡಿಸಿ, ಎಣ್ಣೆ ಹಚ್ಚಿ ತಲೆ ಬಾಚಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ಕಣ್ಣು ಮಂಜಾಗಿದ್ದರೂ ಕಿವಿ ಚುರುಕು. ಒಳಗೆ ಚಹಾ ಕುದಿಯುವ ವಾಸನೆ. ತಾಟಿನಲ್ಲಿ ಅವಲಕ್ಕಿಯ ಚೂಡಾ.

"ಅಯ್ಯನವರೂ ಬಂದರ! ಇವತ್ತು ನಮ್ಮ ಓಣಿ ಭಾಗ್ಯ" ಎಂದು ಸಂಗವ್ವ ಕುರ್ಚಿ ಹಾಕಿದಳು. ಅಯ್ಯನವರು ಕುರ್ಚಿಯಲ್ಲಿ ಕೂಡದೆ ಚಾಪೆಯ ತುದಿಗೆ ಕೂತರು.

ಲುದಿಯಾ ಪುಸ್ತಕವನ್ನು ಮುಖದ ಮುಂದೆ ಹಿಡಿಯಲಿಲ್ಲ. ಮಡಿಲಲ್ಲಿ ಇಟ್ಟುಕೊಂಡಳು.

"ಸಂಗವ್ವತ್ತಿ, ಇದರಾಗ ಛಲೋ ಮಾತಿಲ್ಲ" ಎಂದಳು. "ಬ್ಯಾಡಂದರ ಮುಚ್ಚಿಡತೇನಿ. ಓದಂದರ ಇದ್ದದ್ದು ಇದ್ದಂಗ ಓದತೇನಿ."

ಸಂಗವ್ವನ ನಗೆ ಮುಖದ ಮೇಲೇ ನಿಂತುಬಿಟ್ಟಿತು. ಉತ್ತರ ಬಂದದ್ದು ಗೋಡೆಯ ಕಡೆಯಿಂದ. "ಓದ ಮಗಳ" ಎಂದಳು ಗುಡ್ಡವ್ವ.

ಓದಿದಳು. ಬೋಗುಣಿಯ ಸಾಲೂ ಓದಿದಳು, ಸಂಶಯದ ಸಾಲೂ ಓದಿದಳು. ಎಲ್ಲಿಯೂ ನಿಲ್ಲಲಿಲ್ಲ. ಓದಿ ಮುಗಿದಾಗ ಓಣಿಯ ಕಡೆಯ ಮನೆಯಲ್ಲಿ ನಡೆಯುತ್ತಿದ್ದ ಒಂದೇ ಮಗ್ಗದ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು.

ಗುಡ್ಡವ್ವನೇ ಮೊದಲು ಮಾತಾಡಿದಳು. "ಬೋಗುಣಿ ಚಾಚಿದ್ದು ಖರೇ ಐತಿ. ಎರಡು ಸಲ ಯಾಕ, ಆ ಬಡಸಾಂವಾ ತಲಿ ಆಕಡೆ ತಿರುವಿದ್ದರ ಮೂರು ಸಲ ಚಾಚತಿದ್ದೆ. ಬಗಲಾಗ ಕೂಸಿತ್ತು. ಗಂಜಿ ಕುಡದೇನಿ, ಇಲ್ಲನ್ನೂದಿಲ್ಲ." ಸ್ವಲ್ಪ ತಡೆದು, ಸೆರಗನ್ನು ಬಿಗಿಯಾಗಿ ಎಳೆದುಕೊಂಡಳು. "ಆದರ ನನ್ನ ನಂಬಿಗಿ ಎಷ್ಟು ಉಳದೈತಿ ಅಂತ ಅಂವಾ ಹೆಂಗ ಹೇಳ್ದಾ? ಸೇರಿಲೆ ಅಳದು ನೋಡ್ಯಾನೇನು? ಒಂದಿನಾ ನಮ್ಮ ಮನಿ ಹೊಸ್ತಲಾ ದಾಟಿ ಬಂದಾಂವ ಅಲ್ಲ."

ಸಂಗವ್ವ ಅತ್ತೆಯ ಹಾಗೆ ಮಾತಿನಲ್ಲಿ ಮುಗಿಸುವವಳಲ್ಲ. ಎದ್ದು ಚೂಡಾದ ತಾಟನ್ನು ತೆಗೆದುಕೊಂಡು ಹೋಗಿ ಒಳಗಿಟ್ಟು ಬಂದಳು. ನಡುವಿನ ಮೇಲೆ ಕೈಯಿಟ್ಟು ಅಯ್ಯನವರ ಮುಂದೆ ನಿಂತಳು.

"ಇದನ್ನ ಓದ್ರಿ ಅಂತ ನೀವು ಹೇಳಿದ್ರಿ. ಹೌದಿಲ್ರಿ?"

"ಹೌದವ್ವಾ."

"ಇಷ್ಟ ನಾವು ನಿಮ್ಮ ಕಣ್ಣಾಗ?"

"ಅಲ್ಲ. ನಾ ಅರ್ಧಾ ಓದಿದ್ದೆ. ನಮ್ಮಜ್ಜನ ಹೊಗಳಿದ್ದು ಓದಿ, ಅಷ್ಟಕ್ಕ ಹಿಗ್ಗಿ, ಮುಂದಿಂದು ಓದದ ಹೇಳಿಬಿಟ್ಟೆ. ನಮ್ಮಜ್ಜನೂ ಅದ ಗಂಜಿ ಕುಡದಾಂವ. ತಪ್ಪು ನಂದು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಸ್ತಿಲಿನ ಮೇಲಿದ್ದ ಗುಲ್ಜಾರಬಿ "ತೌಬಾ" ಎಂದು ಗಲ್ಲ ಮುಟ್ಟಿಕೊಂಡಳು. ಸಂಗವ್ವ ಮಾತ್ರ ಕರಗಲಿಲ್ಲ.

"ಇಲ್ಲಿ ನಾಕು ಹೆಂಗಸರ ಮುಂದ ಹೇಳಿದರ ಸುಲಭ ಆತ್ರಿ, ಅಯ್ಯನವರ. ಎಲ್ಲಿ ನಿಂತು ಓದ್ರಿ ಅಂದ್ರಿ, ಅಲ್ಲೇ ನಿಂತು ಇದನ್ನೂ ಹೇಳ್ರಿ. ಅಲ್ಲೀತನಕಾ ಈ ಓಣಿಯಿಂದ ಒಂದು ಕೂಸೂ ಚರ್ಚಿನ ಒಳಗ ಕಾಲಿಡೂದಿಲ್ಲ. ರವಿವಾರ ಬರತೇವಿ. ಬಾಗಲ ಹೊರಗ ನಿಂತು ಕೇಳತೇವಿ." ಆಮೇಲೆ ಲುದಿಯಾಳ ಕಡೆ ತಿರುಗಿ, ಅಷ್ಟೇ ಖಾರವಾಗಿ, "ನೀ ಮುಚ್ಚಿಡಲಿಲ್ಲ. ಅದು ನೆನಪಿಡತೇನಿ" ಎಂದಳು.

ಆ ದಿನ ಚಹಾ ಯಾರಿಗೂ ಬರಲಿಲ್ಲ.

ಶುಕ್ರವಾರವೇ ಸುದ್ದಿ ಮಾಸ್ತರರ ಮನೆ ಮುಟ್ಟಿತ್ತು. ಶನಿವಾರ ಅವರು ಬಂದು ಹೊರಗಿನ ಕೋಣೆಯಲ್ಲಿ ಅಯ್ಯನವರ ಸಂಗಡ ಕೂತರು. ಲುದಿಯಾ ಚಹಾದ ಬಟ್ಟಲು ಇಟ್ಟು ಬಾಗಿಲ ಮರೆಗೆ ನಿಂತಳು.

"ಒಂದು ಮಾತು ಹೇಳ್ತೇನಿ, ಅಯ್ಯನವರ" ಎಂದರು ಮಾಸ್ತರರು. "ಪೀಠದ ಮ್ಯಾಲೆ ನಿಂತು ಪಾದ್ರಿ ತಾನು ತಪ್ಪಿದೆ ಅಂದನಂದರ, ಮುಂದ ಆ ಪೀಠದ ಮಾತು ಯಾರು ಕೇಳ್ತಾರ? ಬೇಕಾದರ ಮುಂದಿನ ಛಾಪಿನಾಗ ಎರಡು ಶಬ್ದಾ ತಿದ್ದೂಣಂತ. ನಾಳೆ ಸುಮ್ಮನ ಬ್ಯಾರೆ ಪುಸ್ತಕದ ಹೆಸರು ಹೇಳ್ರಿ. ಆ ಜನಾ ಎರಡು ವಾರಕ್ಕ ತಾವ ಬರತಾರ."

ಅಯ್ಯನವರು ಅವರನ್ನು ಬಾಗಿಲತನಕ ಬಿಟ್ಟುಬಂದರು. ಮಾಸ್ತರರು ಹೋದ ಮೇಲೆ ಕಪಾಟಿನ ಮುಂದೆ ನಿಂತು ಪುಸ್ತಕಗಳ ಬೆನ್ನು ಸವರುತ್ತಿದ್ದರು. ಒಂದನ್ನು ಹೊರಗೆಳೆದರು. ಅದು ಪೂರಾ ಓದಿದ್ದ ಹಳೆಯ ಪುಸ್ತಕ. ಅದನ್ನು ಮೇಜಿನ ಮೇಲೆ ಬೈಬಲ್ಲಿನ ಪಕ್ಕದಲ್ಲಿ ಇಟ್ಟರು. ಲುದಿಯಾ ನೋಡಿದಳು. ರಾತ್ರಿ ಅವ್ವನ ಕಾಲೊತ್ತುತ್ತ, "ನಾಳೆ ನಾ ನಿನ್ನ ಸಂಗಾಟ ಕೂಡ್ರೂದಿಲ್ಲವ್ವಾ" ಎಂದಳು.

ಸಾರವ್ವ ಒಂದು ಗಳಿಗೆ ಉಸಿರು ತಿದ್ದಿಕೊಂಡಳು. "ಶಾಲು ಹೊತ್ಕೊಂಡು ಹೋಗು. ಹೊರಗ ಥಂಡಿ ಇರತೇತಿ" ಎಂದಳು.

ರವಿವಾರ ಗಂಟೆ ಹೊಡೆದಾಗ ಮಗ್ಗದ ಓಣಿಯವರು ಹೇಳಿದಂತೆಯೇ ಬಂದರು. ಮೆಟ್ಟಿಲ ಕೆಳಗೆ ಸಾಲಾಗಿ ನಿಂತರು. ಒಬ್ಬರೂ ಚಪ್ಪಲಿ ಬಿಡಲಿಲ್ಲ. ಗುಡ್ಡವ್ವನಿಗೆ ಕೂಡಲು ಮಣೆ ತಂದಿದ್ದರು. ಅವಳು ಕೂಡಲು ಒಪ್ಪಲಿಲ್ಲ. ಒಳಗೆ ಹೋಗುವವರು ತಲೆ ತಗ್ಗಿಸಿ ಅವರನ್ನು ದಾಟಿ ಹೋದರು. ಲುದಿಯಾ ತಾಯಿಯನ್ನು ಬೆಂಚಿನತನಕ ಕೈಹಿಡಿದು ಒಯ್ದು ಕೂಡಿಸಿ, ಸಭೆಯ ನಡುವಿನಿಂದ ತಿರುಗಿ ನಡೆದು, ಬಾಗಿಲು ದಾಟಿ ಬಂದು ಸಂಗವ್ವನ ಪಕ್ಕದಲ್ಲಿ ನಿಂತಳು. ಆ ನಡಿಗೆಯಲ್ಲಿ ಎಷ್ಟು ಕಣ್ಣುಗಳು ಬೆನ್ನಿಗೆ ನಟ್ಟವೆಂದು ಅವಳಿಗೆ ಗೊತ್ತಿತ್ತು. ಸೆರಗು ಹುಡುಕಲಿಲ್ಲ.

ಹಾಡಾಯಿತು. ವಾಕ್ಯವಾಯಿತು. ಪ್ರಸಂಗವಾಯಿತು. ತಂದೆಯ ದನಿ ಆ ದಿನ ಎಲ್ಲಿಯೂ ಏರಲಿಲ್ಲ. ಕಾಣಿಕೆಯ ಚೀಲ ತಿರುಗಿತು. ಬಾಗಿಲಿನಿಂದ ಪೀಠ ನೇರವಾಗಿ ಕಾಣುತ್ತಿತ್ತು. ಅಯ್ಯನವರು ಕನ್ನಡಕವನ್ನು ಹಣೆಗೇರಿಸಿದರು. ಕೈಯಲ್ಲಿ ನಿನ್ನೆಯ ಆ ಹಳೆಯ ಪುಸ್ತಕವಿತ್ತು.

"ಈ ವಾರದ ಓದು" ಎಂದರು. ನಿಂತರು. ಸಾರವ್ವನ ಪಕ್ಕದ ಖಾಲಿ ಜಾಗವನ್ನು ನೋಡಿದರು. ಅಲ್ಲಿಂದ ಕಣ್ಣು ಬಾಗಿಲಿಗೆ ಬಂತು. ಲುದಿಯಾ ನೆಲ ನೋಡಲಿಲ್ಲ, ತಂದೆಯನ್ನೇ ನೋಡುತ್ತ ನಿಂತಳು.

ಅಯ್ಯನವರು ಪುಸ್ತಕವನ್ನು ಕೆಳಗಿಟ್ಟರು.

"ಈ ವಾರ ಓದು ಇಲ್ಲ" ಎಂದರು. "ಹೋದ ವಾರ ಇಲ್ಲಿ ನಿಂತು ಒಂದು ಪುಸ್ತಕವನ್ನು ಕಡೆಯ ಹಾಳೆಯವರೆಗೆ ಓದಿರೆಂದು ಹೇಳಿದೆ. ನಾನು ಅದನ್ನು ಅರ್ಧ ಮಾತ್ರ ಓದಿದ್ದೆ. ಉಳಿದರ್ಧದಲ್ಲಿ ನಮ್ಮ ಸಭೆಯ ಒಂದು ಓಣಿಯನ್ನು ಹೀನಾಯವಾಗಿ ಬರೆದಿದೆ. ಅವರು ಗಂಜಿಗೆ ಬಂದವರೆಂದು ಬರೆದಿದೆ. ನನ್ನ ಅಜ್ಜನೂ ಅದೇ ಗಂಜಿಮನೆಯ ಸಾಲಿನಲ್ಲಿ ನಿಂತವನು. ಅವನದನ್ನು ಮುಚ್ಚಿ, ಇವರದನ್ನು ಬಿಚ್ಚಿದ ಪುಸ್ತಕವನ್ನು ನಾನು ನಿಮ್ಮ ಕೈಗೆ ಕೊಟ್ಟೆ. ಆ ಮಾತನ್ನು ಇದೇ ಜಾಗದಲ್ಲಿ ನಿಂತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಬಾಗಿಲ ಹೊರಗೆ ನಿಂತವರ ಕ್ಷಮೆ ಬೇಡುತ್ತೇನೆ."

ಯೆಶಾಯ ಮಾಸ್ತರರು ಎದ್ದರು. ಟೋಪಿ ತೆಗೆದುಕೊಂಡು, ಬೆಂಚುಗಳ ನಡುವಿನಿಂದ ನಿಧಾನವಾಗಿ ನಡೆದು ಬಂದರು. ಬಾಗಿಲಲ್ಲಿ ಹೆಂಗಸರ ಸಾಲು ಅಡ್ಡವಿತ್ತು. ಯಾರೂ ಅವರನ್ನು ತಡೆಯಲಿಲ್ಲ, ಯಾರೂ ಸರಿಯಲೂ ಇಲ್ಲ. ಮಾಸ್ತರರು ಪಕ್ಕಕ್ಕೆ ತಿರುಗಿ, ಕೋಟು ಸುಣ್ಣದ ಗೋಡೆಗೆ ತಾಗಿಸಿಕೊಂಡು ದಾಟಿ ಹೋದರು. ಮೇಲಿನವರಿಗೆ ಪತ್ರ ಹೋಗುವುದು ಖಂಡಿತ ಎಂದು ಲುದಿಯಾಳಿಗೆ ಆಗಲೇ ತಿಳಿಯಿತು. ಹೋಗಲಿ ಎಂದುಕೊಂಡಳು.

"ಏನು ಮಾಡೂದು?" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಸಂಗವ್ವ ಬಾಗಿಲನ್ನೇ ನೋಡುತ್ತಿದ್ದಳು. "ಹೇಳೂದು ಹೇಳ್ಯಾರ" ಎಂದಳು. ಆದರೂ ಹೆಜ್ಜೆ ಎತ್ತಲಿಲ್ಲ.

ಚಪ್ಪಲಿ ಬಿಟ್ಟವಳು ಗುಡ್ಡವ್ವ. ಬರಿಗಾಲಿನಿಂದ ಮೆಟ್ಟಿಲನ್ನು ಸವರಿ ನೋಡಿ, ಕೈಚಾಚಿ ಲುದಿಯಾಳ ಹೆಗಲು ಹಿಡಿದಳು. "ನಡಿ ಮಗಳ. ಮುಂದ ಕರಕೊಂಡ ಹೋಗು. ಹಿಂದ ಕುಂತರ ನನಗ ಏನೂ ಕಾಣೂದಿಲ್ಲ."

"ಮುಂದ ಕುಂತರೂ ನಿನಗೇನು ಕಾಣತೈತಿ, ಅತ್ತಿ?" ಎಂದಳು ಸಂಗವ್ವ.

"ಅವರಿಗೆ ನಾ ಕಾಣತೇನಲ್ಲ."

ಹೊರಗಿದ್ದವರೆಲ್ಲ ಚಪ್ಪಲಿ ಬಿಡತೊಡಗಿದರು. ಲುದಿಯಾ ಹೆಗಲ ಮೇಲಿನ ಆ ಹಗುರ ಕೈಯ ಜೊತೆ ಬೆಂಚುಗಳ ನಡುವೆ ನಡೆದಳು. ಮುದುಕಿಯ ಹೆಜ್ಜೆ ಬಹಳ ಸಣ್ಣದು. ನಡುನಡುವೆ ನಿಂತು ದಮ್ಮು ತೆಗೆದುಕೊಳ್ಳುತ್ತಿದ್ದಳು. ಆಮೇಲೆ ಮತ್ತೆ ಎರಡು ಹೆಜ್ಜೆ. ಕಡೆಯ ಪ್ರಾರ್ಥನೆ ಉಳಿದಿತ್ತು. ಅಯ್ಯನವರು ಪೀಠದ ಮೇಲೆ ಕೈ ಜೋಡಿಸಿಕೊಂಡು ಸುಮ್ಮನೆ ನಿಂತಿದ್ದರು. ಗುಡ್ಡವ್ವ ಮೊದಲನೆಯ ಬೆಂಚು ಮುಟ್ಟಿ, ತಡವಿ, ತಿರುಗಿ, ಸೀರೆಯ ನೆರಿಗೆ ಸರಿಮಾಡಿಕೊಂಡು ಕೂಡುವತನಕ ಅವರು ಕಣ್ಣು ಮುಚ್ಚಲಿಲ್ಲ. ಇಡೀ ಸಭೆ ಕಾಯಿತು.